ಕೆಂಪಿಗೆ ಹೊಯ್ದ ನೀರು

ಅವತ್ತು ಬೆಳಿಗ್ಗೆ ರಾಗಿಗುಡ್ಡದ ಮೇಲೆ ಮೋಡ ಕವಿದುಕೊಂಡಿತ್ತು. ಮಳೆ ಸುರಿಸುವ ಯೋಚನೆ ಮಾತ್ರ ಅದಕ್ಕೆ ಇದ್ದಂತಿರಲಿಲ್ಲ. ಯುಗಾದಿ ಕಳೆದು ಹತ್ತು ದಿನವಾಗಿತ್ತು. ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸದೆ ನಿಂತಿತ್ತು. ಸ್ನಾನ ಮಾಡಿ ಬಂದವನು ಮಣೆಯ ಮೇಲೆ ಕೂರುವಷ್ಟರಲ್ಲಿ ಬೆನ್ನು ಮತ್ತೆ ಒದ್ದೆ. ಅಂಥ ದಿನ ಶಿವನ ಮುಂದೆ ಮೈ ಕೂರುತ್ತದೆ, ಮನಸ್ಸು ಕೂರುವುದಿಲ್ಲ. ಹೇಗೋ ಎರಡನ್ನೂ ಕೂರಿಸಿಕೊಂಡು ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದ್ದೆ, ತಾರಸಿಯಿಂದ ಹೆಂಡತಿಯ ಕೂಗು ಬಂತು.

"ರೀ! ಬನ್ರೀ ಇಲ್ಲಿ! ಓಬಯ್ಯನವರ ಗಿಡ ಕರ್ರಗಾಗ್ತಿದೆ!"

"ಪೂಜೇಲಿದೀನಿ ಕಣೇ."

"ಶಿವ ಎಲ್ಲೂ ಹೋಗಲ್ಲ. ಗಿಡ ಹೋಗ್ತಿದೆ!"

ಈ ಗಿಡದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಪರಮೇಶ್ವರಪ್ಪ, ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನನ್ನ ಹೆಂಡತಿ ದಾಕ್ಷಾಯಣಮ್ಮ ನಾಲ್ಕು ವರ್ಷದಿಂದ ಹುಳ ತಿನ್ನುವ ಗಿಡಗಳನ್ನು ಸಾಕುತ್ತಾಳೆ. ಮೊಟ್ಟೆ ಕೂಡ ಹೊಸಿಲು ದಾಟದ ಮನೆ ನಮ್ಮದು. ಅಂಥ ಮನೆಯ ತಾರಸಿಯಲ್ಲಿ ಹೂಜಿಯ ಹಾಗೆ ಬಾಯಿ ತೆರೆದು ಇರುವೆ ನುಂಗುವ ಗಿಡವಿದೆ, ಎಲೆ ಮಡಚಿ ನೊಣ ಹಿಡಿಯುವ ಗಿಡವಿದೆ. ಮೈತುಂಬ ಅಂಟಿನ ಹನಿ ಹೊತ್ತು ಸೊಳ್ಳೆಗಾಗಿ ಕಾಯುವ ಇಬ್ಬನಿ ಗಿಡವೂ ಇದೆ. ಮಠದ ಸ್ವಾಮಿಗಳು ಮನೆಗೆ ಬಂದಾಗ ಅವರನ್ನು ತಾರಸಿಗೆ ಕರೆದೊಯ್ಯಬೇಡವೆಂದು ನಾನು ಬೇಡಿಕೊಂಡಿದ್ದೆ. ಅವಳು ಕರೆದೊಯ್ದಳು. ಅವರು ಅರ್ಧ ಗಂಟೆ ಕೆಳಗೆ ಇಳಿಯಲೇ ಇಲ್ಲ.

ಈ ಗಿಡ ಸಾಕುವವರದ್ದೇ ಒಂದು ವಾಟ್ಸಾಪ್ ಗುಂಪಿದೆ, 'ಕೀಟಾಹಾರಿ ಬಳಗ' ಎಂದು. ನೂರೆಂಬತ್ತು ಜನ. ಹಿಂದೆ ಊರಕಟ್ಟೆಯ ಮೇಲೆ ಕೂತವರು ಹೇಗಿದ್ದರೋ ಇವರೂ ಹಾಗೇ. ಪ್ರೀತಿಗೆ ಬಂದರೆ ಪ್ರಾಣ ಕೊಡುತ್ತಾರೆ. ಸಾಗರದಿಂದ ಯಾರೋ ಒದ್ದೆ ಪೇಪರಿನಲ್ಲಿ ಪಾಚಿ ಸುತ್ತಿ ಬಸ್ಸಿನಲ್ಲಿ ಕಳಿಸುತ್ತಾರೆ. ಇವಳ ಮಂಡಿ ಆಪರೇಶನ್ ಆದಾಗ ಭದ್ರಾವತಿ ನ್ಯೂ ಟೌನಿನ ಓಬಯ್ಯನವರು, ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ರಿಟೈರಾದ ಮನುಷ್ಯ, ವಾರಕ್ಕೆರಡು ಸಲ ಬಸ್ ಹತ್ತಿ ಬಂದು ನಮ್ಮ ಗಿಡಗಳಿಗೆ ನೀರಿಟ್ಟು ಹೋದರು. ಒಂದು ಲೋಟ ಕಾಫಿ ಬಿಟ್ಟರೆ ಏನೂ ಮುಟ್ಟಲಿಲ್ಲ. ಅದೇ ಜನ ಜಗಳಕ್ಕೆ ನಿಂತರೆ ಮಾತ್ರ ದೇವರೇ ಗತಿ. ಕುಂಡ ಪ್ಲಾಸ್ಟಿಕ್ಕಿನದಿರಲಿ ಎಂದು ಒಬ್ಬರು ಅಂದರೆ ಮಣ್ಣಿನ ಕುಂಡದವರು ಎರಡು ದಿನ ಉಣ್ಣುವುದಿಲ್ಲ. ನನ್ನ ಮನೆಯಲ್ಲಿ ಅವರ ಜೊತೆ ನಾನೂ ಉಣ್ಣುವ ಹಾಗಿರಲಿಲ್ಲ. ಅನ್ನ ಬಡಿಸಬೇಕಾದವಳ ಎರಡು ಹೆಬ್ಬೆರಳೂ ಫೋನಿನ ಮೇಲಿರುತ್ತಿದ್ದವು.

ಆ ಬಳಗದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಅಪರೂಪದ ಗಿಡವನ್ನು ಯಾರೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಬಾರದು. ಅದರ ಒಂದು ಮರಿಯನ್ನು ಇನ್ನೊಂದು ಮನೆಗೆ ಕೊಟ್ಟಿರಬೇಕು. ಅದಕ್ಕೆ ಕಾಪು ಮರಿ ಎನ್ನುತ್ತಾರೆ. ತಾಯಿ ಗಿಡ ಸತ್ತರೆ ಕಾಪು ಮರಿಯ ಮನೆಯವರು ಅದರಿಂದ ಒಂದು ಮರಿ ತೆಗೆದು ಹಿಂದಿರುಗಿಸಬೇಕು. ಓಬಯ್ಯನವರು ಇಬ್ಬನಿ ಗಿಡದ ಬೀಜ ಹಾಕಿದಾಗ ನೂರು ಹಸಿರು ಸಸಿಗಳ ನಡುವೆ ಒಂದು ಮಾತ್ರ ಬೀಟ್‌ರೂಟಿನ ಬಣ್ಣದ್ದು ಹುಟ್ಟಿತು. ಅದಕ್ಕೆ ಅವರು ಕೆಂಪಿ ಎಂದು ಹೆಸರಿಟ್ಟರು. ಅದರ ಮೊದಲ ಮರಿ ಕಾಪಿಗೆಂದು ನಮ್ಮ ಮನೆಗೆ ಬಂದಿತ್ತು.

ಆ ಬೆಳಿಗ್ಗೆ ಬಂದದ್ದು ಓಬಯ್ಯನವರ ವಾಯ್ಸ್ ಮೆಸೇಜು. ಪೂಜೆ ಮುಗಿಸಿ ಮೇಲೆ ಹೋದ ನನಗೂ ಹೆಂಡತಿ ಅದನ್ನು ಕೇಳಿಸಿದಳು.

"ಅಕ್ಕಾ, ನಮ್ಮ ಕೆಂಪಿ ಹೋಯ್ತು. ಮದ್ವೆಗೆ ಅಂತ ಹೊಳೆಹೊನ್ನೂರಿಗೆ ಹೋಗಿ ಒಂದು ವಾರ ಅಲ್ಲೇ ಉಳ್ಕೊಂಬಿಟ್ವಿ. ಬಂದು ನೋಡಿದ್ರೆ ಕುಂಡದ ಕೆಳಗಿನ ತಟ್ಟೆ ನೀರು ಆರಿ, ಗಿಡ ಸುಟ್ಟ ಕಡ್ಡಿ ಆಗಿದೆ. ನಿಮ್ಮನೇ ಮರಿ ಹೆಂಗಿದೆ? ಈಗ ಅದೊಂದೇ ಕಣಕ್ಕ ಉಳಿದಿರೋದು."

ಚೆನ್ನಾಗಿದೆ ಎಂದು ಫೋಟೋ ತೆಗೆದು ಕಳಿಸಲು ಇವಳು ಮೇಲೆ ಹೋಗಿದ್ದಳು. ಹದಿನೈದು ದಿನದಿಂದ ಗಿಡ ಮಂಕಾಗಿತ್ತು; ಬಿಸಿಲಿಗೆ ಎಂದುಕೊಂಡು ನೆರಳು ಬಟ್ಟೆ ಕಟ್ಟಿದ್ದಳು. ಈಗ ನಡುವಿನ ಸುಳಿಯೇ ಕಪ್ಪಾಗಿತ್ತು. ಮೈಮೇಲೆ ಹನಿಯಿರಲಿಲ್ಲ. ಸುತ್ತ ನಾಲ್ಕು ಎಲೆಯಲ್ಲಿ ಮಾತ್ರ ಇನ್ನೂ ಕೆಂಪು ಉಳಿದಿತ್ತು.

ಓಬಯ್ಯನವರಿಗೆ ಫೋನ್ ಮಾಡುವುದು ಬಿಟ್ಟು ಫೋಟೋವನ್ನು ಗುಂಪಿಗೆ ಹಾಕಿದಳು. ಕೆಟ್ಟದ್ದು ಅಲ್ಲೇ.

ವಿಷ್ಣುಪ್ರಸಾದ ಎಂದೊಬ್ಬನಿದ್ದಾನೆ. ಶಿವಮೊಗ್ಗದವನೇ, ಮುಖ ನೋಡಿದವರಿಲ್ಲ. ಎರಡು ನಿಮಿಷದಲ್ಲಿ ತೀರ್ಪು ಬರೆದ: "ನಲ್ಲಿ ನೀರು ಹಾಕಿದೀರಿ. ಒಪ್ಕೊಳ್ಳಿ."

ಈ ಗಿಡಗಳಿಗೆ ಮಳೆಯ ನೀರೇ ಆಗಬೇಕು. ನಲ್ಲಿ, ಬೋರು, ಹೊಳೆ ಯಾವ ನೀರಿನಲ್ಲೂ ಲವಣವಿರುತ್ತದೆ. ಅದು ಬೇರನ್ನು ನಿಧಾನವಾಗಿ ಸುಡುತ್ತದೆ. ಇವಳು ಹೋದ ಮಳೆಗಾಲದ ನೀರನ್ನು ನೀಲಿ ಡ್ರಮ್ಮಿನಲ್ಲಿ ಹಿಡಿದಿಟ್ಟವಳು. ಅದು ಸಾಲದೆಂದು ಎದುರಿನ ಹಲ್ಲಿನ ಕ್ಲಿನಿಕ್ಕಿನ ಏಸಿಯಿಂದ ತೊಟ್ಟಿಕ್ಕುವ, ಲವಣವಿಲ್ಲದ ನೀರಿಗೂ ಕ್ಯಾನು ಇಟ್ಟವಳು. ಆ ಕ್ಯಾನು ಹೊತ್ತು ರಸ್ತೆ ದಾಟುವ ಕೆಲಸ ನನ್ನದು. ಹಲ್ಲು ಕೀಳಿಸಿಕೊಳ್ಳಲು ಬಂದವರು ನನ್ನನ್ನು ಎಷ್ಟು ಕನಿಕರದಿಂದ ನೋಡುತ್ತಿದ್ದರೆಂದು ಶಿವನಿಗೇ ಗೊತ್ತು.

ಅಂಥವಳಿಗೆ ಈ ಮಾತು! ಅವಳು ಬರೆದಳು: "ನಮ್ಮ ಮನೆದೇವರ ಆಣೆ. ಮಳೆನೀರು, ಏಸಿ ನೀರು ಬಿಟ್ಟು ಒಂದು ಹನಿ ಬೇರೆ ನೀರು ಆ ತಟ್ಟೆಗೆ ಬಿದ್ದಿಲ್ಲ."

"ಆಣೆ ಹಾಕಿದ್ರೆ ನೀರಲ್ಲಿರೋ ಉಪ್ಪು ಇಳಿಯಲ್ಲ ಮೇಡಂ. ಮೀಟರ್ ಇಟ್ಟು ಫೋಟೋ ಹಾಕಿ."

"ನಿನ್ನ ವಯಸ್ಸಿನ ಮಗ ಇದಾನೆ ನಂಗೆ."

"ಅದು ಮೀಟರ್ ರೀಡಿಂಗ್ ಅಲ್ಲ ಮೇಡಂ."

ಮೂರು ದಿನ ಹೀಗೇ. ಕೊಲೆಗಾರ್ತಿ ಎಂದವರುಂಟು, ದಾಕ್ಷಾಯಣಕ್ಕನಂಥವರಿಗೆ ಹೀಗನ್ನಬಹುದೇ ಎಂದು ಅತ್ತವರುಂಟು, ಇದೇ ಸಮಯವೆಂದು ಪ್ಲಾಸ್ಟಿಕ್ ಕುಂಡದ ಮಾತು ಮತ್ತೆ ತೆಗೆದವರುಂಟು. ಇವಳು ಎರಡು ಸಲ ಗುಂಪು ಬಿಟ್ಟಳು. ಅಡ್ಮಿನ್ ಹುಡುಗಿ ಸಮತಾ ಎರಡು ಸಲವೂ ಹಿಡಿದು ಒಳಗೆ ಹಾಕಿದಳು.

"ಬಿಡ್ತೀನಿ ಅಂದ್ರೆ ಬಿಡೋಕೂ ಬಿಡಲ್ವಲ್ಲ ಈ ಜನ!" ಎಂದು ಇವಳು ನನ್ನ ಮೇಲೆ ರೇಗಿದಳು.

"ಆ ಫೋನ್ ಕೆಳಗಿಡು ಮಾರಾಯ್ತಿ. ಸಾರಿಗೆ ಉಪ್ಪಿಲ್ಲ."

"ಉಪ್ಪು ಉಪ್ಪು ಅಂತ ನೀವೂ ಶುರು ಮಾಡ್ಬೇಡಿ!"

ಓಬಯ್ಯನವರು ಮಾತ್ರ ಗುಂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಅದೇ ಅವಳನ್ನು ಹೆಚ್ಚು ತಿಂದದ್ದು. ಆ ಮನುಷ್ಯ ನಂಬಿ ಕೊಟ್ಟದ್ದು ತನ್ನ ಕೈಯಲ್ಲಿ ಸಾಯುತ್ತಿದೆ, ಅದರ ಜೊತೆ ತನ್ನ ಮಾತೂ ಸಾಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು.

ಆ ಮೂರು ದಿನವೂ ನಾನು ನನ್ನ ಪಾಡಿಗೆ ಪೂಜೆ ಮಾಡಿಕೊಂಡಿದ್ದೆ. ಲಿಂಗಕ್ಕೆ ಮಜ್ಜನ ಮಾಡಿಸಿದ ನೀರನ್ನು ಕಂಡಲ್ಲಿ ಚೆಲ್ಲಬಾರದು, ಯಾರ ಕಾಲೂ ತಾಗದ ಕಡೆ ಗಿಡದ ಬುಡಕ್ಕೆ ಹಾಕಬೇಕು ಎಂದು ನಮ್ಮಜ್ಜಿ ಹೇಳಿಕೊಟ್ಟದ್ದು. ಕಾಂಪೌಂಡಿನ ಪಕ್ಕದ ಬಿಲ್ವದ ಬುಡಕ್ಕೆ ಹಾಕುತ್ತಿದ್ದೆ. ಶಿವರಾತ್ರಿ ಕಳೆದ ಮರುವಾರ ಚರಂಡಿ ಅಗೆಯಲು ಬಂದವರು ಅದನ್ನು ಕಡಿದುಹಾಕಿದರು. ಅಂದಿನಿಂದ ಮಜ್ಜನದ ನೀರನ್ನು ತಾರಸಿಗೆ ಒಯ್ದು, ಮೆಟ್ಟಿಲ ಬಾಯಲ್ಲೇ ಇದ್ದ ಕೆಂಪಿಯ ತಟ್ಟೆಗೆ ಹೊಯ್ಯುತ್ತಿದ್ದೆ. ಹೇಗೂ ಸದಾ ನೀರಲ್ಲಿ ಕೂತಿರುವ ಗಿಡ; ಲಿಂಗ ಮುಟ್ಟಿದ ನೀರೂ ನಲ್ಲಿ ನೀರಿನ ಲೆಕ್ಕಕ್ಕೇ ಬರುತ್ತದೆಂದು ನನಗೆ ಹೊಳೆಯಲಿಲ್ಲ. ಗಿಡಕ್ಕೆ ಕಾಯಿಲೆಯೆಂದು ಗೊತ್ತಾದ ಮೇಲೆ ಒಂದು ಚೊಂಬು ಹೆಚ್ಚೇ ಹೊಯ್ದೆ.

ಭಾನುವಾರ ಓಬಯ್ಯನವರು ಹೇಳದೆ ಕೇಳದೆ ಬಂದರು. ಅಂಗಿಯ ಜೇಬಿನಲ್ಲಿ ನೀರಿನ ಲವಣ ಅಳೆಯುವ, ಪೆನ್ನಿನಂಥ ಆ ಮೀಟರಿತ್ತು. ಇವಳು ಬಾಗಿಲಲ್ಲೇ ಶುರು ಮಾಡಿದಳು.

"ನೀವೂ ನನ್ನ ಅಳೆಯೋಕೆ ಬಂದ್ರಾ ಓಬಯ್ಯನವ್ರೇ?"

"ನಿಮ್ಮನ್ನಲ್ಲ ಕಣಕ್ಕ, ನೀರನ್ನ. ಅಳೆದು ಫೋಟೋ ಹಾಕಿದ್ರೆ ಆ ಹುಡುಗನ ಬಾಯಿ ಮುಚ್ಚುತ್ತೆ. ನಂಗೆ ಗೊತ್ತಿಲ್ವಾ ನಿಮ್ಮ ಕೈ?"

ಮೂವರೂ ಮೇಲೆ ಹೋದೆವು. ಐವತ್ತು ದಾಟದಿದ್ದರೆ ಗಿಡಕ್ಕೆ ಅಪಾಯವಿಲ್ಲವಂತೆ. ಡ್ರಮ್ಮಿನಲ್ಲಿ ಮೀಟರ್ ಅದ್ದಿದರು: ಒಂಬತ್ತು. ಏಸಿಯ ಕ್ಯಾನಿನಲ್ಲಿ: ಹದಿನಾಲ್ಕು. "ನೋಡ್ರೀ!" ಎಂದು ಇವಳು ನನ್ನ ಕಡೆ ತಿರುಗಿದಳು, ನಾನೇ ವಿಷ್ಣುಪ್ರಸಾದನೋ ಎಂಬಂತೆ. ಆಮೇಲೆ ಕೆಂಪಿಯ ತಟ್ಟೆಗೆ ಅದ್ದಿದರು.

ಆರುನೂರ ಹನ್ನೆರಡು.

ಓಬಯ್ಯನವರು ಮೀಟರನ್ನು ಒರೆಸಿ ಮತ್ತೆ ಅದ್ದಿದರು. ಅಷ್ಟೇ ತೋರಿಸಿತು. ಅವರು ಹಣೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದರು. "ಇದೇನಕ್ಕಾ ಬೆಳ್ಳಗೆ, ಗೆರೆ ಥರ?"

ಇವಳು ಆ ಬಿಳಿಯನ್ನು ಬೆರಳಿಗೆ ಹಚ್ಚಿ ಉಜ್ಜಿದಳು, ಮೂಸಿದಳು. ಮೆಲ್ಲಗೆ ತಲೆಯೆತ್ತಿ ನನ್ನ ಹಣೆಯನ್ನು ನೋಡಿದಳು. ಅಲ್ಲಿ ಬೆಳಿಗ್ಗೆ ಹಚ್ಚಿದ ಮೂರು ಗೆರೆ ವಿಭೂತಿ ಹಾಗೇ ಇತ್ತು.

"ರೀ... ಪೂಜೆ ನೀರು ಎಲ್ಲಿಗೆ ಹಾಕ್ತಿದೀರಿ?"

ಸುಳ್ಳು ಹೇಳುವ ಯೋಚನೆ ಬರಲಿಲ್ಲವೆಂದರೆ ಅದೇ ಸುಳ್ಳಾಗುತ್ತದೆ. ಬಂತು, ಒಂದು ಕ್ಷಣ ನಿಂತಿತು, ಹೋಯಿತು.

"ಇದಕ್ಕೇ," ಎಂದೆ. "ಬಿಲ್ವ ಕಡಿದ ಮೇಲೆ."

"ಎಷ್ಟೊಂದು ಕುಂಡ ಇವೆ! ದಾಸವಾಳ ಇದೆ, ತುಂಬೆ ಇದೆ. ಇದೇ ಬೇಕಿತ್ತಾ ನಿಮ್ಗೆ?"

"ಪಾಪ, ಹುಟ್ಟಿದಾಗಿಂದ ಜೀವ ತೆಗೆಯೋದೇ ಅದರ ಕರ್ಮ. ಸ್ವಲ್ಪ ಪುಣ್ಯ ಸೇರಲಿ ಅಂತ..."

ಇವಳಿಗೆ ನಗು ಬಂತೋ ಅಳು ಬಂತೋ ಹೇಳಲಾರೆ. ತಲೆಯ ಮೇಲೆ ಕೈಯಿಟ್ಟು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟಳು. "ದೇವರಾಣೆ ಹಾಕಿದ್ನಲ್ರೀ! ನೂರೆಂಬತ್ತು ಜನದ ಮುಂದೆ, ಅದೇ ದೇವರ ಮೇಲೆ ಆಣೆ ಹಾಕಿದ್ನಲ್ರೀ!"

ಓಬಯ್ಯನವರು ನಗಲಿಲ್ಲ. "ಯಜಮಾನ್ರೇ, ಲಿಂಗಕ್ಕೆ ಹಚ್ಚಿದ ವಿಭೂತಿ ಆ ನೀರಿಗೆ ಇಳಿದಿರುತ್ತೆ. ವಿಭೂತಿ ಅಂದ್ರೆ ಬೂದಿ. ಈಗಿನ ಗಟ್ಟೀಲಿ ಸುಣ್ಣಾನೂ ಇರುತ್ತೆ. ಮನುಷ್ಯರ ಹಣೆಗೆ ಒಳ್ಳೇದು. ಇದು ಹುಳಿ ಮಣ್ಣಿನ ಗಿಡ, ತಡೆಯಲ್ಲ," ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಅವರು ಕಪ್ಪಾದ ಸುಳಿಯನ್ನು ಬಿಟ್ಟು, ಉಳಿದ ನಾಲ್ಕು ಕೆಂಪು ಎಲೆಗಳನ್ನು ಬುಡದಿಂದ ಕತ್ತರಿಸಿದರು. ಎಲೆಯನ್ನು ಶುದ್ಧ ನೀರಿನಲ್ಲಿ ತೇಲಿಬಿಟ್ಟರೆ ಅದೃಷ್ಟವಿದ್ದರೆ ಅದರ ಮೈಯಿಂದಲೇ ಸಸಿ ಹೊರಡುತ್ತದಂತೆ. ಎರಡನ್ನು ಒಂದು ಬಾಟಲಿಗೆ ಹಾಕಿಕೊಂಡರು. ಇನ್ನೆರಡನ್ನು ಇನ್ನೊಂದು ಬಾಟಲಿಗೆ ಹಾಕಿ ನಮ್ಮ ಕಡೆ ಸರಿಸಿದರು.

"ಬೇಡ, ಎಲ್ಲಾ ನೀವೇ ತಗೊಂಡ್ ಹೋಗಿ," ಎಂದಳು ಇವಳು.

"ಒಂದೇ ಮನೇಲಿ ಇಡಬಾರ್ದಲ್ಲಕ್ಕ."

ಅವತ್ತು ಸಂಜೆ ಇವಳು ಫೋನನ್ನು ನನ್ನ ಕೈಗೆ ಕೊಟ್ಟಳು. "ನೀವೇ ಬರೀರಿ. ನಿಮ್ಮ ಹೆಸರಲ್ಲೇ." ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿದೆ: ತಪ್ಪು ನನ್ನದು, ನನ್ನ ಹೆಂಡತಿಗೆ ಗೊತ್ತಿರಲಿಲ್ಲ, ಪೂಜೆಯ ನೀರು ಹಾಕಿದವನು ನಾನು, ಓಬಯ್ಯನವರ ಕ್ಷಮೆ ಕೇಳುತ್ತೇನೆ. ಇಷ್ಟು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಇಲ್ಲಿಗೆ ಮುಗಿಯಿತೆಂದುಕೊಂಡೆ.

ಮುಗಿಯುತ್ತದೆಯೇ? ವಿಷ್ಣುಪ್ರಸಾದ ಮೂಢನಂಬಿಕೆಯ ಬಗ್ಗೆ ಆರು ಪ್ಯಾರಾ ಬರೆದ. ಶಿವಯೋಗಪ್ಪ ಎಂದು ಯಾರೋ ದಾವಣಗೆರೆ ಕಡೆಯವರು ಎದ್ದು, ಪವಿತ್ರ ನೀರನ್ನು ವಿಷ ಎಂದವನು ಯಾರು, ಹೆಸರು ಹೇಳಲಿ ಎಂದರು. ಹಾಗೆಂದವರು ಯಾರೂ ಇರಲಿಲ್ಲ. ಆದರೂ ಅವರು ನನ್ನ ಪರವಾಗಿ ಎರಡು ದಿನ ಹೋರಾಡಿದರು. ನನ್ನ ತಪ್ಪನ್ನು ನಾನು ಒಪ್ಪಿಕೊಂಡರೂ ಒಪ್ಪದೆ ನನ್ನನ್ನು ಕಾಪಾಡುತ್ತಿದ್ದ ಆ ಪುಣ್ಯಾತ್ಮನನ್ನು ಹೇಗೆ ಸುಮ್ಮನಿರಿಸುವುದು? "ನಾನು ಸಾಯಿಸಿದ್ದು ನಿಜ ಸ್ವಾಮಿ," ಎಂದು ಬರೆದೆ. "ನೀವು ಹೆದರಬೇಡಿ ಅಣ್ಣಾ, ನಾವಿದ್ದೀವಿ," ಎಂದು ಉತ್ತರ ಬಂತು. ಕೊನೆಗೆ ಸಮತಾ ಗುಂಪಿಗೆ ಬೀಗ ಹಾಕಿದಳು. ಒಂದು ವಾರ ಯಾರೂ ಏನೂ ಬರೆಯುವಂತಿಲ್ಲ. ಆ ವಾರ ನಮ್ಮ ಮನೆಯ ಸಾರಿಗೆ ಉಪ್ಪು ಸರಿಯಾಗಿತ್ತು.

ಬಾಟಲಿಯನ್ನು ನಾನೇ ನೋಡಿಕೊಂಡೆ. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಮಜ್ಜನದ ನೀರನ್ನು ದಾಸವಾಳದ ಬುಡಕ್ಕೆ ಹಾಕಿ, ಕೈ ತೊಳೆದು ಒರೆಸಿಕೊಂಡು, ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಿದ್ದೆ. ಮೂರು ವಾರ ಎರಡು ಎಲೆ ಸುಮ್ಮನೆ ತೇಲಿದವು. ಲಿಂಗದ ಮುಂದೆ ಕೂತಾಗ ಬಾರದ ಏಕಾಗ್ರತೆ ಆ ಬಾಟಲಿಯ ಮುಂದೆ ಬಂದದ್ದಕ್ಕೆ ನನ್ನನ್ನು ಶಿವ ಕ್ಷಮಿಸಲಿ. ಒಂದು ಎಲೆ ಕೊಳೆಯಿತು. ನಾಲ್ಕನೆಯ ವಾರ ಇನ್ನೊಂದರ ಬೆನ್ನ ಮೇಲೆ ಸಾಸಿವೆ ಗಾತ್ರದ ಎರಡು ಮೊಳಕೆ ಕಂಡವು. ಅದೇ ಹೊತ್ತಿಗೆ ಓಬಯ್ಯನವರ ಫೋನು ಬಂತು, ಅವರ ಎರಡೂ ಎಲೆ ಸೆಕೆಗೆ ಕರಗಿಹೋದವೆಂದು. ನಮ್ಮದು ಮೊಳೆತಿದೆ ಎಂದು ಹೇಳಲು ಇವಳು ಬಾಯಿ ತೆರೆದಳು. ನಾನು ಕೈಸನ್ನೆ ಮಾಡಿ ತಡೆದೆ. ಒಂದು ಸಲ ನಂಬಿಸಿ ಕೆಡಿಸಿದ್ದು ಸಾಕಾಗಿತ್ತು.

ಶ್ರಾವಣ ಬಂತು. ಎರಡು ಸಸಿಯೂ ಬೇರೆ ಬೇರೆ ಕುಂಡದಲ್ಲಿ ನಿಂತು, ಎಲೆ ಬಿಚ್ಚಿ, ಬೀಟ್‌ರೂಟಿನ ಬಣ್ಣಕ್ಕೆ ತಿರುಗಿ, ಮೊದಲ ಹನಿ ಹೊತ್ತವು. ಒಂದು ಸೋಮವಾರ ಪೂಜೆ ಮುಗಿಸಿ, ದೊಡ್ಡ ಸಸಿಯ ಕುಂಡವನ್ನು ಸ್ಟೀಲಿನ ಟಿಫನ್ ಡಬ್ಬಿಯೊಳಗೆ ಕೂರಿಸಿಕೊಂಡು ಭದ್ರಾವತಿ ಬಸ್ ಹತ್ತಿದೆ. ಪಕ್ಕದಲ್ಲಿ ಕೂತವನು ಡಬ್ಬಿಯಲ್ಲಿ ಏನು ತಿಂಡಿ ಎಂದು ಕೇಳಿದ. ಇದು ತಿನ್ನುವುದಲ್ಲ, ತಿನ್ನುವವಳು ಎಂದೆ. ಅವನು ಸ್ವಲ್ಪ ಸರಿದು ಕೂತ.

ನ್ಯೂ ಟೌನಿನ ಮನೆಯ ಮುಂದೆ ಓಬಯ್ಯನವರು ಖಾಲಿ ಕುಂಡಗಳನ್ನು ತೊಳೆದು ಬೋರಲು ಹಾಕುತ್ತಿದ್ದರು. ನನ್ನನ್ನು ಕಂಡು ಲುಂಗಿಗೆ ಕೈ ಒರೆಸಿಕೊಂಡು ಗೇಟಿಗೆ ಬಂದರು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಅವರು ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಇನ್ನೊಂದು ಉಳಿದಿದೆಯಾ?" ಎಂದರು.

"ಮನೇಲಿದೆ. ಕಾಪಿಗೆ, ನೀವು ಬೇಡ ಅನ್ನದಿದ್ರೆ."

"ಇರ್ಲಿ ಬಿಡಿ. ಫೋಟೋ ತೆಗೆದು ಬಳಗಕ್ಕೆ ಹಾಕೋಣ್ವಾ ಯಜಮಾನ್ರೇ?"

"ನಿಮ್ಮ ದಮ್ಮಯ್ಯ, ಬೇಡ."

ಅವರು ಮೊದಲ ಸಲ ನಕ್ಕರು. ನಾನು ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ, ಹನಿ ಉದುರದ ಹಾಗೆ, ಅವರ ಕೈಗೆ ಕೊಟ್ಟೆ.