ಯಾವ ಕಡೆ ತಿರುಗಿದರೂ

ಮೊದಲ ಸುತ್ತು ಮುಗಿಯುವಷ್ಟರಲ್ಲಿ ದೊಡ್ಡಪ್ಪ ತಾರಾನಾಥರು ರಮಿತಾಳ ಮೊಣಕೈ ಹಿಡಿದು ನಿಲ್ಲಿಸಿದರು. ಹೆಗಲ ಮೇಲಿನ ಮಡಕೆ ಅಲುಗಿ, ಸುತ್ತಿಗೊಂದರಂತೆ ಅವರೇ ಕಲ್ಲಿನಿಂದ ಹೊಡೆಯಬೇಕಿದ್ದ ತೂತುಗಳಲ್ಲಿ ಮೊದಲನೆಯದರ ನೀರು ಅವಳ ಬೆನ್ನಿಗೆ ಚೆಲ್ಲಿತು.

"ಉಲ್ಟಾ ಸುತ್ತಿದೆಯಲ್ಲ ಮಾರಾಯ್ತಿ! ಚಿತೆಗೆ ಅಪ್ರದಕ್ಷಿಣೆ ಬರ್ಬೇಕು."

ರಮಿತಾ ದೇವಸ್ಥಾನದಲ್ಲಿ ಬರುವ ಹಾಗೆ ಬಲಕ್ಕೆ ಸುತ್ತಿದ್ದಳು. ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಗೊತ್ತಿದ್ದ ಸುತ್ತು ಅದೊಂದೇ.

"ಹೆಣ್ಣುಮಕ್ಕಳಿಗೆ ಇದೆಲ್ಲ ಬೇಡ ಅಂತ ಬೆಳಿಗ್ಗೆಯೇ ಬಡ್ಕೊಂಡೆ. ಮುರಾರಿ, ಮಡಕೆ ನೀನು ತಗೋ."

ದೊಡ್ಡಪ್ಪನ ಮಗ ಮುರಾರಿ ಮುಜುಗರದಿಂದಲೇ ಕೈ ಚಾಚಿದ. "ದೇ ದೋ ನಾ, ದೀದಿ."

"ನಹೀ ದೂಂಗಿ. ಪಪ್ಪನಿಗೆ ಇರೋದು ನಾನೊಬ್ಬಳೇ."

*

ರಮಿತಾಳ ಪಪ್ಪ ಗುಣಪಾಲ ಮಾಸ್ತರು ಕಲ್ಯಾಣದ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದರು. ಇಪ್ಪತ್ತು ವರ್ಷ ಅವರ ತಲೆ ತಿಂದದ್ದು ಒಂದೇ ಪ್ರಶ್ನೆ: ಒದ್ದೆ ಮರಳು ತುಂಬಿದ ಪಾತ್ರೆಯನ್ನು ಅಡಿಯಿಂದ ಕಾಯಿಸುತ್ತ ಗಿರಗಿರ ತಿರುಗಿಸಿದರೆ, ಮರಳಿನ ಸಂದಿಯ ನೀರು ಎಷ್ಟು ಕಾವಿಗೆ ಮೇಲೆ ಕೆಳಗೆ ಹರಿದಾಡಲು ಶುರುಮಾಡುತ್ತದೆ? 2009ರಲ್ಲಿ, ಐವತ್ತನಾಲ್ಕರ ಪ್ರಾಯದಲ್ಲಿ ಪಿಎಚ್‌ಡಿ ಸಿಕ್ಕಿತು. ನೌಪಾಡಾದಲ್ಲಿ ಹೋಟೆಲಿಟ್ಟಿದ್ದ ಅಣ್ಣ ತಾರಾನಾಥ, "ಇದು ನಮ್ಮ ಚಾ ಮಾಡುವವನಿಗೂ ಗೊತ್ತುಂಟು," ಎಂದು ನಗಾಡಿದರು. ಮಾಸ್ತರರೂ ನಕ್ಕರು, ಪಾಪ.

ಕಿವಿಗೊಟ್ಟವರು ಹೆಂಡತಿ ಪ್ರಫುಲ್ಲಾ ಒಬ್ಬರೇ. ಅದೂ ದೋಸೆ ಹೊಯ್ಯುತ್ತ.

"ತಿರುಗಿಸಿದ್ರೆ ನೀರು ಬೇಗ ಕದಲುದಿಲ್ಲ, ಪ್ರಫುಲ್ಲಾ. ಹೆಚ್ಚು ಕಾವು ತಡ್ಕೊಳ್ತದೆ."

"ಎಡಕ್ಕೋ, ಬಲಕ್ಕೋ?"

"ಯಾವ ಕಡೆಗಾದ್ರೂ ಒಂದೇ. ಲೆಕ್ಕದಲ್ಲಿ ಬರುದು ವೇಗದ ವರ್ಗ. ಮೈನಸ್ ಇದ್ರೂ ಪ್ಲಸ್ ಆಗ್ತದೆ."

"ಹಾಗಾದ್ರೆ ತಟ್ಟೆ ಹಿಡೀರಿ."

ಬಾಗಿಲಲ್ಲಿ ನಿಂತಿದ್ದ ರಮಿತಾಳಿಗೆ, ಅಮ್ಮನಿಗೆ ಇದೇನು ತಿಳಿದೀತು ಎನಿಸಿತ್ತು.

*

ಪ್ರಫುಲ್ಲಾ ಹೆಂಗಸರ ಗುಂಪು ಬಿಟ್ಟು ಚಿತೆಯ ಹತ್ತಿರ ಬಂದರು.

"ಭಾವ, ಮಡಕೆ ಅವಳ ಹತ್ರವೇ ಇರ್ಲಿ."

"ಸುತ್ತು ತಪ್ಪಿದೆ, ಪ್ರಫುಲ್ಲಾ. ಅವನ ಆತ್ಮಕ್ಕೆ..."

"ಯಾವ ಕಡೆ ತಿರುಗಿದ್ರೂ ಒಂದೇ. ಇಪ್ಪತ್ತು ವರ್ಷ ಲೆಕ್ಕ ಮಾಡಿ ಹೇಳಿದ್ದು ನಿಮ್ಮ ತಮ್ಮನೇ. ಅವರೇನೂ ಬೇಜಾರು ಮಾಡ್ಕೊಳ್ಳುದಿಲ್ಲ."

ತಾರಾನಾಥರು ಭಟ್ಟರ ಮುಖ ನೋಡಿದರು. ಭಟ್ಟರು ಗಡಿಯಾರ ನೋಡಿಕೊಂಡರು. ಗೇಟಿನ ಹೊರಗೆ ಇನ್ನೊಂದು ಹೆಣ ಕಾಯುತ್ತಿತ್ತು. ಮುರಾರಿ ಕೈ ಹಿಂದಕ್ಕೆ ಎಳೆದುಕೊಂಡ.

ಸಿಮೆಂಟ್ ನೆಲದ ಮೇಲೆ ಮೊದಲ ಸುತ್ತಿನ ನೀರಿನ ಗೆರೆ ಇನ್ನೂ ಆರಿರಲಿಲ್ಲ. ರಮಿತಾ ಅದರ ಮೇಲೆಯೇ, ಅದೇ ದಿಕ್ಕಿಗೆ ಹೊರಟಳು. ಹಿಂದೆ ತಿರುಗಿ ನೋಡಬಾರದು ಎಂಬುದಾದರೂ ಅವಳಿಗೆ ಗೊತ್ತಿತ್ತು. ನಾಲ್ಕು ಹೆಜ್ಜೆ ಇಟ್ಟಳು. ಹಿಂದೆ ಯಾರ ಸದ್ದೂ ಇಲ್ಲ.

ಐದನೆಯ ಹೆಜ್ಜೆಗೆ ಮಡಕೆಗೆ ಕಲ್ಲು ತಾಗಿತು. ಎರಡನೆಯ ತೂತಿನ ನೀರು ತಣ್ಣಗೆ ಅವಳ ಬೆನ್ನ ಮೇಲೆ ಇಳಿಯತೊಡಗಿತು.