ತೊಟ್ಟಿಯ ಮೀನು

ಮಾವನಿಗೆ ಎರಡೇ ಹೆಮ್ಮೆ: ತಾನು ಕಟ್ಟಿದ ತೊಟ್ಟಿ, ಅದರೊಳಗಿನ ಮೀನು. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ. ಗುಡ್ಡದ ಒರತೆಯಿಂದ ಪೈಪು ಎಳೆದು ಹಿತ್ತಲಿಗೆ ನೀರು ತಂದವರು ಅವರೇ. ಆ ನೀರನ್ನು ಕಾಯಿಸುವುದು, ಔಷಧಿ ಹಾಕುವುದು ಅವರಿಗೆ ಅವಮಾನ. ಮೀನು ಬದುಕಿದ್ದರೆ ನೀರು ಒಳ್ಳೆಯದು, ಅಷ್ಟೇ. ಮೀನಿಗೆ ಡಾಕ್ಟರಿಕೆ ಯಾರು ಕಲಿಸಿದರೋ!

ಸೊಸೆ ಹೊಲಿಗೆಯವಳು. ಎಂಟು ತಿಂಗಳ ಮಗಳಿಗೆ ನೀರು ಕುಡಿಸಲು ಶುರುಮಾಡಿದಾಗ, ಕಾಯಿಸಿ ಕೊಡಲೇ ಎಂದು ಮೆಲ್ಲಗೆ ಕೇಳಿದ್ದಳು. ಮಾವ ಎರಡು ದಿನ ಮುಖ ಊದಿಸಿಕೊಂಡು ಕೂತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ಏನು ವಾದ ಎಂದು ಅವಳು ಸುಮ್ಮನಾದಳು. ದಿನಾ ಬೆಳಿಗ್ಗೆ ತೊಟ್ಟಿಯ ಮುಚ್ಚಳ ಸರಿಸಿ, ಬಾಲದ ತುದಿ ಹರಿದ ಆ ಮೀನು ಒಂದು ಸುತ್ತು ಹಾಕಿದ ಮೇಲೇ ಮಗಳ ಲೋಟ ತುಂಬುತ್ತಿದ್ದಳು. ಈಚೆಗೆ ಹೊಲಿಗೆಯ ಗಡಿಬಿಡಿಯಲ್ಲಿ, ಕಪ್ಪಗೆ ಏನೋ ಸರಿದಾಡಿದರೆ ಸಾಕೆಂದು ಮುಚ್ಚಿಬಿಡುತ್ತಿದ್ದಳು.

ಒರತೆಯ ಮೇಲ್ಗಡೆ ಹೊಸ ಮನೆಯವರು ಕಕ್ಕಸಿನ ಗುಂಡಿ ತೋಡಿಸಿದ್ದಾರೆಂದು ಹಾಲಿನವಳು ಹೇಳಿದಳು. ಸೊಸೆ ಹೋಗಿ ಇಣುಕಿದಳು. ಮೀನು ಇತ್ತು.

ಅದೇ ವಾರ ಮಗುವಿಗೆ ಭೇದಿ ಹಿಡಿಯಿತು. ಹಲ್ಲು ಬರುವಾಗ ಹಾಗೇ ಎಂದರು ಮಾವ. ಮೂರನೆಯ ದಿನ ಮಗು ಅತ್ತರೆ ಕಣ್ಣೀರೇ ಬರಲಿಲ್ಲ. ಆಸ್ಪತ್ರೆಗೆ ಹೋಗಲು ಆಟೋ ಕರೆದದ್ದಾಯಿತು. ಮಗುವನ್ನು ಗಂಡನ ಕೈಗೆ ಕೊಟ್ಟು, ದಾರಿಗೆ ನೀರು ತುಂಬಿಕೊಳ್ಳಲು ಅವಳು ಹಿತ್ತಲಿಗೆ ಓಡಿದಳು.

ಮುಚ್ಚಳ ಸರಿಸಿದಳು. ಮೀನು ಚುರುಕಾಗಿ ಈಜುತ್ತಿತ್ತು. ಅದರ ಬಾಲ ಎಲ್ಲೂ ಹರಿದಿರಲಿಲ್ಲ. ಅವಳು ಬಗ್ಗಿ ಮತ್ತೊಮ್ಮೆ ನೋಡಿದಳು. ಹರಿದದ್ದು ತಾನಾಗಿ ಕೂಡುವುದನ್ನು ಅವಳ ಕಸುಬಿನಲ್ಲಿ ಯಾರೂ ಕಂಡಿಲ್ಲ.

ಹಿಂದೆ ಮಾವ ಬಂದು ನಿಂತಿದ್ದರು.

"ಇದನ್ನ ಯಾವಾಗ ಬಿಟ್ರಿ ಮಾವ?"

ಅವರು ತೊಟ್ಟಿಯ ಅಂಚನ್ನು ಸವರಿದರು.

"ನೀನು ಹೆದರ್ಕೋತೀಯ ಅಂತ ಹೇಳ್ಲಿಲ್ಲಮ್ಮ," ಎಂದರು. "ಇದು ಮೂರನೇದು."

ಅವಳಿಗೆ ಮಾವನ ಮೇಲೆ ಸಿಟ್ಟು ಬರುವ ಮೊದಲೇ ತನ್ನ ಮೇಲೆ ಅಸಹ್ಯ ಬಂತು. ದಿನಾ ನೋಡಿದೆ, ನೋಡಲೇ ಇಲ್ಲ. ಒಳಗೆ ಓಡಬೇಕೆಂದು ತಿರುಗಿದಳು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಗಂಡನ ದನಿ ಬಂತು. ಮೂರು ದಿನದಲ್ಲಿ ಮೊದಲ ಸಲ ಆ ದನಿಯಲ್ಲಿ ಗೆಲುವಿತ್ತು.

"ಬಾ ಇಲ್ಲಿ, ನೋಡು. ಲೋಟ ನೀರು ಪೂರ್ತಿ ಕುಡೀತು."