ಪ್ರೆಸ್ಸಿಗೆ ಸಿಕ್ಕ ಕಾಗದದ ಜೇನುನೊಣ

ಅಂಟು ಹಚ್ಚಿದ ಯಾವ ವಸ್ತುವೂ ಒಂದು ರಾತ್ರಿ ಪ್ರೆಸ್ಸಿನ ಕೆಳಗೆ ಮಲಗದೆ ಆ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ. ಅದು ಮುದುಕ ಬೈಂಡರರ ಕಟ್ಟಳೆ. ಹರಿದ ನಿಘಂಟೇ ಇರಲಿ, ಯಾರದೋ ಪ್ರಾರ್ಥನೆಯ ಪುಸ್ತಕವೇ ಇರಲಿ, ರಟ್ಟು ಕಟ್ಟಿ, ಬೆನ್ನಿಗೆ ಬಟ್ಟೆ ಅಂಟಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಕಬ್ಬಿಣದ ತಿರುಪನ್ನು ಬಿಗಿಯಾಗಿ ತಿರುಗಿಸಿದ ಮೇಲೆಯೇ ಅವರು ಕೈ ತೊಳೆಯುತ್ತಿದ್ದರು. ವರ್ಷಗಳು ಕಳೆದಂತೆ ಆ ಕೆಲಸ ತಲೆಯಿಂದ ಇಳಿದು ಕೈಗೆ ಬಂದಿತ್ತು. ಮನಸ್ಸು ಎಲ್ಲೇ ಅಲೆಯುತ್ತಿರಲಿ, ಕೈ ಮಾತ್ರ ತನ್ನ ಪಾಡಿಗೆ ತಾನು ತಿರುಪು ಬಿಗಿಯುತ್ತಿತ್ತು.

ಚಳಿಗಾಲದಲ್ಲಿ ಹೆಂಡತಿ ತೀರಿಕೊಂಡ ಮೇಲಂತೂ ಅವರ ಮನಸ್ಸು ಅಂಗಡಿಯಲ್ಲಿ ಇದ್ದದ್ದೇ ಕಡಿಮೆ. ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ಮೇಜಿನ ಮುಂದೆ ಕೈಮುಗಿದು ಕೂತರೆ ಪ್ರಾರ್ಥನೆಗೆ ಒಂದೇ ಮಾತು ಉಳಿದಿತ್ತು: “ಅವಳನ್ನು ಚೆನ್ನಾಗಿ ನೋಡಿಕೋ.” ಅಷ್ಟು ಹೇಳಿ ಎದ್ದುಬಿಡುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳಲು ಬಾಯಿ ಬರುತ್ತಿರಲಿಲ್ಲ.

ಮರಗಳು ಚಿಗುರುವ ಹೊತ್ತಿಗೆ ಪ್ರತಿ ವರ್ಷ ಅಂಗಡಿಯ ಮುಂಭಾಗ ಆಕೆಯ ಪಾಲಾಗುತ್ತಿತ್ತು. ಬೀದಿಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, ಗಂಡ ಕತ್ತರಿಸಿ ಬಿಸಾಡಿದ ಕಾಗದದ ಚೂರುಗಳಿಂದ ಚಿಟ್ಟೆ, ಮಿಡತೆ, ಕಂಬಳಿಹುಳುಗಳನ್ನು ಮಾಡಿಸುತ್ತಿದ್ದರು. ಅವೆಲ್ಲ ಎದುರಿನ ಗ್ರಂಥಾಲಯದಲ್ಲಿ, ಮಕ್ಕಳ ಕೋಣೆಯ ಕಿಟಕಿಗೆ ಕಟ್ಟಿದ ದಾರದಲ್ಲಿ ತೂಗಾಡುತ್ತಿದ್ದವು. ಈ ವರ್ಷ ಕಿಟಕಿ ಖಾಲಿಯೇ ಎಂದು ದೊಡ್ಡವರೆಲ್ಲ ಒಪ್ಪಿಕೊಂಡಿದ್ದರು. ಮಕ್ಕಳು ಒಪ್ಪಿರಲಿಲ್ಲ.

ಒಂದು ಮಧ್ಯಾಹ್ನ ಮೊಮ್ಮಗಳು ದಂಡು ಕಟ್ಟಿಕೊಂಡು ಬಂದಳು.

“ತಾತ, ಜರುಗು. ಹುಳ ಮಾಡ್ಬೇಕು.”

“ನಂಗೆ ಪುಸ್ತಕ ಕಟ್ಟೋಕೆ ಬರುತ್ತೆ ಕಣಮ್ಮ. ಹುಳ ಎಲ್ಲ ನಿಮ್ಮಜ್ಜಿ ಇಲಾಖೆ.”

“ನೀನೇನೂ ಮಾಡ್ಬೇಡ. ಕತ್ತರಿ ಕೊಟ್ಟು ಸುಮ್ನೆ ಕೂತ್ಕೋ.”

ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಸ್ವಲ್ಪ ಹೊತ್ತಿನಲ್ಲೇ ಯಾರದೋ ಕಂಬಳಿಹುಳುವಿನ ಮಡಿಕೆಗಳನ್ನು ಉಗುರಿನಿಂದ ತೀಡುತ್ತ, ಕಾಗದಕ್ಕೂ ಎಳೆ ಇರುತ್ತದೆ, ಅದು ಹೋದ ದಿಕ್ಕಿಗೇ ಮಡಚಬೇಕು ಎಂದು ಪಾಠ ಶುರುಮಾಡಿದ್ದರು. ಮೂಲೆಯಲ್ಲಿ ಗುಂಡ ಎಂಬ ಹುಡುಗ ಕಂದು ಕಾಗದದಲ್ಲಿ ಮುಳುಗಿದ್ದ. ಹೆಸರಿಗೆ ಗುಂಡ, ಆಳು ಕಡ್ಡಿ.

“ಅದೇನೋ ಅದು?”

“ಜಿರಳೆ.”

“ಚಿಗುರೋ ಕಾಲದಲ್ಲಿ ಯಾರಾದ್ರೂ ಜಿರಳೆ ಮಾಡ್ತಾರೇನೋ?”

“ನಮ್ಮನೆಗೆ ಚಿಟ್ಟೆ ಬರಲ್ಲ ತಾತ. ಇದೇ ಬರೋದು.”

ಮೊಮ್ಮಗಳು ತನ್ನ ಶಾಲೆಯ ಪುಸ್ತಕದೊಳಗಿಂದ ಒಂದು ಹಳದಿ ಹಾಳೆಯನ್ನು ಮೆಲ್ಲಗೆ ಹೊರತೆಗೆದಳು. ನೋಡಿದೊಡನೆ ಮುದುಕರ ಕೈ ನಿಂತಿತು. ಹಾಸಿಗೆ ಹಿಡಿಯುವ ಮೊದಲು ಅಜ್ಜಿ ಕಪ್ಪು ಪಟ್ಟೆ ಎಳೆದಿಟ್ಟಿದ್ದ ಹಾಳೆ ಅದು. “ಇದು ಜೇನುನೊಣಕ್ಕೆ, ಬಿಸಿಲು ಬರಲಿ” ಎಂದಿದ್ದರು. ಅಂಥದ್ದು ಇನ್ನೊಂದಿರಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದು ಕತ್ತರಿಸಿದಳು, ಸುತ್ತಿದಳು, ಅಂಟಿಸಿದಳು. ಹೊಟ್ಟೆ ದುಂಡಗಾದ, ರೆಕ್ಕೆ ಮೇಲೆತ್ತಿದ ಜೇನುನೊಣ ಮೇಜಿನ ಮೇಲೆ ನಿಂತಿತು.

“ಇದು ಕಿಟಕಿ ನಟ್ಟನಡುವೆ ತೂಗ್ಬೇಕು ತಾತ. ಅಂಟಿನ್ನೂ ಹಸಿ. ನಾಳೆವರೆಗೂ ಜೋಪಾನ.”

“ನನ್ನ ಕೈಲಿದ್ರೆ ದೇವರ ಕೈಲಿದ್ದಂಗೆ, ಹೋಗು” ಎಂದರು.

ಮಕ್ಕಳು ಹೋದ ಮೇಲೆ ಅವರು ಕಸ ಗುಡಿಸಿದರು, ಮೇಜು ಒರೆಸಿದರು. ಆ ಹಳದಿ ಹಾಳೆಯ ಮೇಲೆ ಕುಂಚ ಎಳೆಯುವಾಗ ಆಕೆ ತುದಿನಾಲಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದದ್ದು ನೆನಪಾಯಿತು. ಆ ನೆನಪಿನಲ್ಲೇ ಕೈ ತೊಳೆದು ಒಳಗೆ ಹೋದರು.

ಮರುದಿನ ಕೈಮುಗಿದು ಕೂತು “ಅವಳನ್ನು ಚೆನ್ನಾಗಿ” ಎನ್ನುವಷ್ಟರಲ್ಲಿ ಮಾತು ನಿಂತಿತು. ಕಣ್ಣು ಬಿಟ್ಟರು. ಮೇಜು ಅತಿಯಾಗಿ ಚೊಕ್ಕಟವಾಗಿತ್ತು. ಪ್ರೆಸ್ಸಿನ ತಿರುಪು ಬಿಗಿದಿತ್ತು.

ಬಿಚ್ಚಿ ನೋಡಿದರೆ ಹುಳಗಳೆಲ್ಲ ಚಪ್ಪಟೆ. ಎಂದಿನ ಶಿಸ್ತಿನಿಂದ, ಹಲಗೆಗೆ ಅಂಟು ತಾಗದಂತೆ ಒಂದೊಂದನ್ನೂ ಒಂದೊಂದು ಬಿಳಿ ಹಾಳೆಯ ಮಡಿಕೆಯೊಳಗೆ ಇಟ್ಟು ಒತ್ತಿದ್ದರು. ಜೇನುನೊಣವಂತೂ ಮಡಿಕೆಯೊಳಗೇ ಕಚ್ಚಿಕೊಂಡುಬಿಟ್ಟಿತ್ತು.

ಬಿಸಿ ಕಾಫಿಯ ಲೋಟ ಹಿಡಿದು ಬಂದ ಸೊಸೆ ಬಗ್ಗಿ ನೋಡಿದಳು. “ಮಾವ, ಪುಣ್ಯಕ್ಕೆ ಗುಂಡ ನಿನ್ನೆ ಇಲ್ಲೇ ನಿದ್ದೆ ಹೋಗ್ಲಿಲ್ಲ. ಅವನಿಗೂ ರಟ್ಟು ಕಟ್ಟಿಬಿಡ್ತಿದ್ರಿ.”

ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಇಂದು ಲೋಟ ಮುಟ್ಟಲಿಲ್ಲ. ಆಕೆ ಬಿಟ್ಟುಹೋದ ಒಂದೇ ಒಂದು ಹಾಳೆ. ಮಗು ನಂಬಿ ಕೊಟ್ಟದ್ದು. ಯಾವ ಮುಖ ಇಟ್ಟುಕೊಂಡು ಹೇಳುವುದು?

ಹೇಳುವುದನ್ನು ಹೇಳಿಯೇ ತೀರಬೇಕಾಯಿತು. ಮಕ್ಕಳು ಬಂದಾಗ “ನಾನೇ ಒತ್ತಿಬಿಟ್ಟೆ” ಎಂದರು, ಬೇರೆ ಮಾತು ಸೇರಿಸಲಿಲ್ಲ. ಮಿಡತೆಯ ಒಡತಿ ಅಳಲು ತಯಾರಾದಳು. ಗುಂಡ ತನ್ನದನ್ನು ಎತ್ತಿ ಬೆಳಕಿಗೆ ಹಿಡಿದು, “ನಮ್ಮಮ್ಮ ಚಪ್ಪಲೀಲಿ ಹೊಡೆದ್ರೂ ಹಿಂಗೇ ಆಗೋದು” ಎಂದ.

ಮೊಮ್ಮಗಳು ಮಡಿಕೆಯಿಂದ ಇಣುಕುತ್ತಿದ್ದ ಹಳದಿ ಅಂಚನ್ನು ಹಿಡಿದು ಎಳೆಯಹೋದಳು.

“ಎಳೀಬೇಡ ಪುಟ್ಟಿ, ಹರಿಯುತ್ತೆ. ಕೊಡಿಲ್ಲಿ.”

ಮುದುಕರು ಆ ಮಡಿಸಿದ ಬಿಳಿ ಹಾಳೆಯನ್ನು ಅಂಗೈಗಳ ನಡುವೆ ಇಟ್ಟುಕೊಂಡು, ಹಳೆಯ ಪುಸ್ತಕವನ್ನು ತೆರೆಯುವ ಹಾಗೆ ಮೆಲ್ಲಮೆಲ್ಲಗೆ ಬಿಡಿಸಿದರು. ಸೋರಿದ ಅಂಟಿನಿಂದ ಒಂದು ರೆಕ್ಕೆ ಹಾಳೆಯ ಎಡಮಗ್ಗುಲಿಗೆ ಅಂಟಿಕೊಂಡಿತ್ತು, ಇನ್ನೊಂದು ಬಲಮಗ್ಗುಲಿಗೆ. ಹಾಳೆ ಅಗಲವಾದಂತೆ ರೆಕ್ಕೆಗಳು ಅಗಲವಾದವು. ನಡುವೆ ಹೊಟ್ಟೆ ಉಬ್ಬಿತು. ಜೇನುನೊಣ ಎದ್ದು ನಿಂತಿತು.

ಮಕ್ಕಳೆಲ್ಲ ಮೇಜಿನ ಸುತ್ತ ಮುತ್ತಿಕೊಂಡರು.

“ಮುಚ್ಚು ತಾತ” ಎಂದಳು ಮೊಮ್ಮಗಳು. ಮುಚ್ಚಿದರು.

“ತೆಗಿ.” ತೆಗೆದರು. ಮತ್ತೆ ಎದ್ದಿತು.

“ಇನ್ನೊಂದ್ಸಲ.”

ಆಮೇಲೆ ಆ ಅಂಗಡಿಯಲ್ಲಿ ನಡೆದದ್ದು ಒಂದು ಮದುವೆಮನೆಯ ಗದ್ದಲ. ದಪ್ಪ ಬಿಳಿ ಹಾಳೆಗಳನ್ನು ಮುದುಕರು ಎಳೆ ನೋಡಿ ಮಡಚಿಕೊಟ್ಟರು. ಮಕ್ಕಳು ತಮ್ಮ ತಮ್ಮ ಹುಳಗಳ ಒಂದು ಮಗ್ಗುಲನ್ನು ಮಡಿಕೆಯ ಈ ಕಡೆಗೆ, ಇನ್ನೊಂದನ್ನು ಆ ಕಡೆಗೆ ಅಂಟಿಸಿದರು. ಮಿಡತೆ ಎರಡು ಸಲ ತಲೆಕೆಳಗಾಗಿ ಎದ್ದು, ಮೂರನೆಯ ಸಲಕ್ಕೆ ದಾರಿಗೆ ಬಂತು. ಸೊಸೆ ಅಡುಗೆಮನೆ ಮರೆತು ಸೂಜಿಗೆ ದಾರ ಪೋಣಿಸುತ್ತ ಕೂತಳು. ಮಡಿಕೆಗಳನ್ನೆಲ್ಲ ಜೋಡಿಸಿ ಹೊಲಿದು, ಹಸಿರು ರಟ್ಟು ಕಟ್ಟಿದ್ದಾಯಿತು. ಜೇನುನೊಣಕ್ಕೆ ನಟ್ಟನಡುವಿನ ಜಾಗ.

“ಈಗ ಒತ್ತಬಹುದು” ಎಂದಳು ಮೊಮ್ಮಗಳು ದೊಡ್ಡ ಮನಸ್ಸು ಮಾಡಿ. ಸ್ಟೂಲು ಹತ್ತಿ, ತಿರುಪಿಗೆ ತಾನೇ ಕೈಹಾಕಿದಳು. “ಆದ್ರೆ ನಾನು ಹೇಳಿದಷ್ಟೇ.”

ಮಾರನೆಯ ದಿನ ಗ್ರಂಥಾಲಯದ ಮೇಡಂ ಮಕ್ಕಳ ಕೋಣೆಯ ಕಿಟಕಿಕಟ್ಟೆಯ ಮೇಲೆ ಪುಸ್ತಕವನ್ನಿಟ್ಟು, ಮೆಚ್ಚುಗೆಯಿಂದ ಪುಟ ತಿರುಗಿಸುತ್ತ ಹೋದರು. ಗುಂಡನ ಪುಟ ತೆರೆದವರೇ ಕಿಟಾರನೆ ಕಿರುಚಿ ಪಟ್ಟನೆ ಮುಚ್ಚಿದರು.

“ಮುಚ್ಚಿದ್ರೆ ಸಾಯಲ್ಲ ಮೇಡಂ,” ಗುಂಡ ಸಮಾಧಾನ ಹೇಳಿದ, “ತೆಗೆದ್ರೆ ಮತ್ತೆ ಏಳುತ್ತೆ.”

ಮುದುಕರು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮೊಮ್ಮಗಳು ನಡುವಿನ ಪುಟವನ್ನು ತೆರೆದು ಕಿಟಕಿಯ ಬಿಸಿಲಿಗೆ ತಿರುಗಿಸಿಟ್ಟಳು. ಒಂದು ರೆಕ್ಕೆ ಕೊಂಚ ಸೊಟ್ಟಗಿತ್ತು. ಸರಿಪಡಿಸಲು ಮುಂದೆ ಹೋದ ಕೈಯನ್ನು ಅವರು ಹಿಂದಕ್ಕೆ ಕಟ್ಟಿಕೊಂಡರು.

ಮರುದಿನ ಬೆಳಗ್ಗೆ ಎಂದಿನಂತೆ ಕೈಮುಗಿದು ಕೂತು, “ಅವಳನ್ನು ಚೆನ್ನಾಗಿ ನೋಡಿಕೋ” ಎಂದರು. ಏಳಲಿಲ್ಲ. ಇನ್ನೊಂದು ಮಾತು ಸೇರಿಸಿದರು.

“ಜೇನುನೊಣ ಎದ್ದಿತು ಅಂತ ಅವಳಿಗೆ ಹೇಳು.”